ಚೀಲಕ್ಕೊಂದು, ತೇವಕ್ಕೆರಡು

ಹೂಮಳೆ ಬಿದ್ದ ಎಂಟನೆಯ ದಿನಕ್ಕೆ ಕಾಫಿ ತೋಟಗಳೆಲ್ಲ ಹೂಬಿಟ್ಟು ಬೆಳ್ಳಗಾಗುತ್ತವೆ. ಆಮೇಲಿನ ಎರಡು ಮೂರು ದಿನ ಬಾಳ್ಳುಪೇಟೆಯಲ್ಲಿ ಯಾರೂ ಪೂರ್ತಿ ಎಚ್ಚರವಾಗಿರುವುದಿಲ್ಲ. ಹೋಟೆಲಿನವನು ದೋಸೆ ಕೇಳಿದವನಿಗೆ ಇಡ್ಲಿ ತಂದಿಡುತ್ತಾನೆ, ಅವನೂ ಸುಮ್ಮನೆ ತಿನ್ನುತ್ತಾನೆ. ಹೆದ್ದಾರಿಯ ಲಾರಿ ಡ್ರೈವರುಗಳು ಟೀ ಮುಗಿದ ಮೇಲೂ ಖಾಲಿ ಲೋಟ ಹಿಡಿದು ಗುಡ್ಡದ ಕಡೆ ನೋಡುತ್ತ ನಿಂತುಬಿಡುತ್ತಾರೆ. ಎಲ್ಲ ಆ ಹೂವಿನ ವಾಸನೆಯ ಕೆಲಸ. ಇಂಥ ದಿನಗಳಲ್ಲಿ ಊರಿನಲ್ಲಿ ಯಾವ ಜವಾಬ್ದಾರಿಯ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದು. ಸುರೇಂದ್ರ ಇಟ್ಟುಕೊಂಡ.

ಸುರೇಂದ್ರನಿಗೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಅಂಗಡಿ. ಆದ್ದರಿಂದ ‘ಮಲೆಸೀಮೆ ಕಪ್ ಗ್ರ್ಯಾಪ್ಲಿಂಗ್ ಪಂದ್ಯಾವಳಿ’ಗೆ ಹನ್ನೊಂದು ಫ್ಲೆಕ್ಸುಗಳೂ ಒಂದೂವರೆ ಮ್ಯಾಟೂ ಸಿದ್ಧವಾದವು. ಫ್ಲೆಕ್ಸುಗಳಲ್ಲಿ ಸುರೇಂದ್ರ ನಗುತ್ತಿದ್ದ, ಅವನ ಗೆಳೆಯರು ಕೈಮುಗಿಯುತ್ತಿದ್ದರು, ಮೂಲೆಯಲ್ಲಿ ಯಾವುದೋ ದೇಶದ ಇಬ್ಬರು ಗಂಡಸರು ಒಬ್ಬರ ಕತ್ತು ಒಬ್ಬರು ಹಿಡಿದುಕೊಂಡಿದ್ದರು. ಗ್ರ್ಯಾಪ್ಲಿಂಗ್ ನಮ್ಮ ಕುಸ್ತಿಯ ದೂರದ ನೆಂಟ. ತೂಕ ನೋಡಿ ಗುಂಪು ಮಾಡಿ ಆಡಿಸುತ್ತಾರೆ. ಗುದ್ದುವಂತಿಲ್ಲ, ಒದೆಯುವಂತಿಲ್ಲ. ಹಿಡಿದು ಕೆಡವಿ, ಕೈಯನ್ನೋ ಕಾಲನ್ನೋ ಮಡಚಿ ಬಿಗಿಯಬೇಕು. ಇನ್ನು ತಡೆಯಲಾರೆ ಅನ್ನಿಸಿದವರು ಎದುರಾಳಿಯ ಮೈಮೇಲೆ ಎರಡು ಸಲ ಕೈ ತಟ್ಟಿದರೆ ಮುಗಿಯಿತು, ಅದೇ ಸೋಲು. ನಾಲ್ಕು ನಿಮಿಷದೊಳಗೆ ಯಾರೂ ತಟ್ಟದಿದ್ದರೆ ಅಂಕ ಹೆಚ್ಚಿದ್ದವರು ಗೆದ್ದಂತೆ. ಇಷ್ಟನ್ನು ಊರಿನವರಿಗೆ ತಿಳಿಸಲು ಸುರೇಂದ್ರ ಹನ್ನೆರಡನೆಯ ಫ್ಲೆಕ್ಸ್ ಮಾಡಿಸಬೇಕೆಂದಿದ್ದ, ಪುರುಸೊತ್ತಾಗಲಿಲ್ಲ.

ಪಂದ್ಯಾವಳಿಗೆ ಒಂದು ಕಾಫಿ ಖರೀದಿ ಅಂಗಡಿಯ ಗೋಡೌನು ಸಿಕ್ಕಿತು. ಸೀಸನ್ ಮುಗಿದು ಗೋಡೌನು ಖಾಲಿ ಇತ್ತು. ಅದರ ಜೊತೆಗೆ ತೂಕದ ಮಿಷನ್ನೂ, ಮಿಷನ್ನಿನ ಜೊತೆಗೆ ಅದರ ಲೆಕ್ಕ ಬರೆಯುವ ರೈಟರ್ ಶಾಂತಮಲ್ಲಪ್ಪನವರೂ ಬಂದರು.

ಶಾಂತಮಲ್ಲಪ್ಪನವರು ಇಪ್ಪತ್ತೆರಡು ವರ್ಷದಿಂದ ಆ ಅಂಗಡಿಯಲ್ಲಿ ಕಾಫಿ ತೂಗುತ್ತಿದ್ದರು. ಮೂಟೆ ಮಿಷನ್ನಿನ ಮೇಲೆ ಬಂದರೆ ಮೊದಲು ಗೋಣಿಚೀಲದ ಲೆಕ್ಕಕ್ಕೆ ಒಂದು ಕಿಲೋ ಕಳೆಯಬೇಕು. ಬೀಜ ಸರಿಯಾಗಿ ಒಣಗಿಲ್ಲದಿದ್ದರೆ ತೇವಕ್ಕೆಂದು ಇನ್ನೆರಡು ಕಿಲೋ. ಒಣಗಿದೆಯೋ ಇಲ್ಲವೋ ತಿಳಿಯಲು ಅವರು ಒಂದು ಬೀಜ ತೆಗೆದು ಹಲ್ಲಿನಲ್ಲಿ ಕಚ್ಚುತ್ತಿದ್ದರು, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಎಲ್ಲೋ ಹೋಗಿ ಬರುತ್ತಿದ್ದರು, ಬಂದು ತೂಕ ಕೂಗುತ್ತಿದ್ದರು. ಆ ತೂಕವನ್ನು ಆಲೂರು, ಸಕಲೇಶಪುರ ಎರಡು ತಾಲ್ಲೂಕಿನಲ್ಲೂ ಯಾರೂ ಪ್ರಶ್ನಿಸಿದ್ದಿಲ್ಲ. ಮನೆಯಲ್ಲಿ ಹೆಂಡತಿ ಪಾರ್ವತಮ್ಮ ಅವರ ಉಳಿದೆಲ್ಲವನ್ನೂ ಪ್ರಶ್ನಿಸುತ್ತಿದ್ದರು. ಕನ್ನಡಕ ಎಲ್ಲಿಟ್ಟಿರಿ, ಸ್ಕೂಟರ್ ಎಲ್ಲಿ ಬಿಟ್ಟು ನಡೆದು ಬಂದಿರಿ ಎಂದು. ತೂಕದ ವಿಷಯಕ್ಕೆ ಮಾತ್ರ ಬರುತ್ತಿರಲಿಲ್ಲ.

ಅವರಿಗೆ ಇನ್ನೊಂದು ಹೆಮ್ಮೆಯೂ ಇತ್ತು, ಮಗಳು ಮಾನಸಾ. ಎರಡು ವರ್ಷದಿಂದ ಈ ಹುಡುಗಿ ಬೆಳಗಿನ ಮೊದಲ ಬಸ್ಸಿಗೆ ಹಾಸನಕ್ಕೆ ಹೋಗಿ, ಕಾಲೇಜಿಗೆ ಮುಂಚೆ ಎರಡು ಗಂಟೆ ಗ್ರ್ಯಾಪ್ಲಿಂಗ್ ಕಲಿಯುತ್ತಿದ್ದಳು. ಮೂರು ಪಂದ್ಯಾವಳಿಗೆ ಹೋಗಿದ್ದಳು, ಮೂರು ಚಿನ್ನದ ಪದಕ ತಂದಿದ್ದಳು. ಮೂರನ್ನೂ ಶಾಂತಮಲ್ಲಪ್ಪನವರು ಅಂಗಡಿಯ ತೂಕದ ಮಿಷನ್ನಿನ ಕಂಬಕ್ಕೇ ನೇತುಹಾಕಿದ್ದರು. ಬೀದಿಯ ಬಾಯಲ್ಲಿ ಸುರೇಂದ್ರ ‘ಚಿನ್ನದ ಹುಡುಗಿ’ ಎಂದು ಫ್ಲೆಕ್ಸ್ ಹಾಕಿಸಿದ್ದ. ಎದುರುಮನೆ ವಿಶಾಲಮ್ಮ ಪ್ರತಿ ಸಲವೂ ಆರತಿ ತಟ್ಟೆ ಹಿಡಿದು ಬಂದಿದ್ದರು. ಪ್ರತಿ ಸಲವೂ ಮಾನಸಾ ಆರತಿ ಮುಗಿದ ಕೂಡಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಆನಂದಬಾಷ್ಪ ಎಂದು ಶಾಂತಮಲ್ಲಪ್ಪನವರು ಎಲ್ಲರಿಗೂ ಹೇಳಿದ್ದರು.

ನಿಜ ಸಂಗತಿ ಬೇರೆ ಇತ್ತು. ಮೊದಲನೆಯ ಪಂದ್ಯಾವಳಿಯಲ್ಲಿ ಅವಳ ತೂಕದ ಗುಂಪಿನಲ್ಲಿ ಬೇರೆ ಹುಡುಗಿಯೇ ಇರಲಿಲ್ಲ. ಎರಡನೆಯದರಲ್ಲಿ ಒಬ್ಬಳಿದ್ದಳು, ಬೆಳಗಿನಿಂದ ಕಾದು ಕಾದು ಸಂಜೆ ಬಸ್ಸು ತಪ್ಪುತ್ತದೆಂದು ಹೊರಟುಹೋದಳು. ಮೂರನೆಯದರಲ್ಲಿ ಸಂಘಟಕರೇ ಮೈಕಿನವನ ಜೊತೆ ಜಗಳವಾಡಿ ಹೊರಟುಹೋದರು, ಹೋಗುವಾಗ ಸಿಕ್ಕಸಿಕ್ಕವರಿಗೆ ಪದಕ ಹಂಚಿದರು. ಎರಡು ವರ್ಷದಲ್ಲಿ ಮಾನಸಾ ಪಂದ್ಯದ ಮ್ಯಾಟಿನ ಮೇಲೆ ಒಬ್ಬ ಎದುರಾಳಿಯ ಕೈ ಕೂಡ ಮುಟ್ಟಿರಲಿಲ್ಲ.

“ಅಪ್ಪಾಜಿ, ನಂಗೆ ಚಿನ್ನ ಬೇಡ,” ಎಂದಳು ಹಿಂದಿನ ದಿನ, ಸಂಜೆ ಕಾಫಿ ಕುಡಿಯುವಾಗ. “ಒಂದೇ ಒಂದು ಪಂದ್ಯ ಬೇಕು. ಗೆದ್ರೂ ಸರಿ, ಸೋತ್ರೂ ಸರಿ. ನಾಳೆ ಕುಂದೂರಿಂದ ಗಂಗಾಮಣಿ ಅಂತ ಒಬ್ಳು ಬರ್ತಾಳೆ, ನನ್ ತೂಕದ್ ಗುಂಪೇ. ಅರವತ್ತರ ಒಳಗೆ. ನಾಳೆನೂ ಆಗ್ಲಿಲ್ಲ ಅಂದ್ರೆ ನಾನು ಬಿಟ್ಬಿಡ್ತೀನಿ. ಬೆಳಿಗ್ಗೆ ಬಸ್ಸಿಗೆ ಹೋಗಲ್ಲ.”

“ಆಗ್ದೆ ಏನು ಕಣವ್ವ,” ಎಂದರು ಶಾಂತಮಲ್ಲಪ್ಪನವರು. “ನಾಳೆ ತೂಕ ಹಾಕೋನು ನಾನೇ ಅಲ್ವಾ?”

ಮರುದಿನ ಏಳು ಗಂಟೆಗೆ ಬರಬೇಕೆಂದು ಕರಪತ್ರದಲ್ಲಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪೈಲ್ವಾನರು ಗೋಡೌನಿನ ಬಾಗಿಲಿಗೆ ಬರುವವರೆಗೂ ಕಾಣಿಸುತ್ತಿರಲಿಲ್ಲ. ಮೊದಲು ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಮನುಷ್ಯ ಬರುತ್ತಿದ್ದ. ಬೈಕಿನಲ್ಲಿ ಬಂದವರು ತಲೆಯಿಂದ ಪಾದದವರೆಗೆ ತೊಯ್ದಿದ್ದರು. ಹೂವಿನ ವಾಸನೆ ಮಂಜಿನ ಜೊತೆ ಒಳಗೆ ಬಂದು, ಹಳೆಯ ಗೋಣಿಯ ವಾಸನೆಯ ಜೊತೆ ಸೇರಿ, ಶಾಂತಮಲ್ಲಪ್ಪನವರ ತಲೆಯೊಳಗೆ ಕುಳಿತುಕೊಂಡಿತು. ಅವರು ಕಾಫಿ ತೂಗುವಾಗ ಕೂರುವ ಅದೇ ಕುರ್ಚಿಯಲ್ಲಿ, ಅದೇ ಪೆನ್ನು ಹಿಡಿದು ಕುಳಿತರು. ಮಿಷನ್ನಿನ ಅಂಕಿಗಳು ಎಂದಿನಂತೆ ಅವರ ಕಡೆಗೇ ತಿರುಗಿದ್ದವು.

ಒಬ್ಬೊಬ್ಬರಾಗಿ ಹತ್ತಿದರು. ಶಾಂತಮಲ್ಲಪ್ಪನವರು ಅಂಕಿ ನೋಡುವರು, ಆಸಾಮಿಯ ತೋಳು ಒಂದು ಸಲ ಒತ್ತುವರು, ಕಣ್ಣು ಮುಚ್ಚುವರು, ತುಟಿ ಅಲ್ಲಾಡುವುದು, ತೂಕ ಕೂಗುವರು. ಪಿಕಪ್ ಗಾಡಿಯ ಮಂಜುನಾಥ್ ಬೈಕಿನಲ್ಲಿ ಬಂದು ನೀರು ತೊಟ್ಟಿಕ್ಕಿಸುತ್ತ ಹತ್ತಿದ. “ಎಪ್ಪತ್ತೊಂಬತ್ತು ಪಾಯಿಂಟ್ ಎಂಟು!” ಮೊಬೈಲ್ ಅಂಗಡಿಯ ಅರುಣ್ ಬಸ್ಸಿನಲ್ಲಿ ಬಂದು ಒಣಗಿದ್ದ. “ಎಪ್ಪತ್ತು ಪಾಯಿಂಟ್ ಎರಡು!” ಕುಂದೂರಿನ ಗಂಗಾಮಣಿಯೂ ಒಣಗಿದ್ದಳು. ಅವಳನ್ನು ಅಜ್ಜಿ ಚೌಡಮ್ಮ ಬಸ್ಸಿನಲ್ಲಿ ಶಾಲು ಹೊದಿಸಿ ಕರೆತಂದಿದ್ದಳು. “ಐವತ್ತೆಂಟು ಪಾಯಿಂಟ್ ನಾಕು!” ಕೊನೆಗೆ ಮಾನಸಾ ಹತ್ತಿದಳು. ಅಪ್ಪನ ಸ್ಕೂಟರಿನ ಹಿಂದೆ ಕುಳಿತು ಬಂದವಳ ಜಡೆಯಿಂದ ನೀರು ಇಳಿಯುತ್ತಿತ್ತು. ಸ್ವಂತ ಮಗಳೆಂದು ಪಕ್ಷಪಾತ ಮಾಡಬಾರದೆಂದು ಶಾಂತಮಲ್ಲಪ್ಪನವರು ಕಣ್ಣು ಮುಚ್ಚಿ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಯೋಚಿಸಿದರು.

“ಐವತ್ನಾಕು ಪಾಯಿಂಟ್ ಎರಡು!”

ಮಾನಸಾ ಅಷ್ಟರಲ್ಲಿ ಕಿವಿಗೆ ಟವೆಲು ಸುತ್ತಿ ತಲೆ ಒರೆಸಿಕೊಳ್ಳುತ್ತಿದ್ದಳು, ಕೂಗಿದ್ದು ಅವಳಿಗೆ ಕೇಳಿಸಲಿಲ್ಲ.

ತೂಕ ಎಂಟಕ್ಕೆ ಮುಗಿಯಿತು. ಪಂದ್ಯ ಶುರುವಾದದ್ದು ಎರಡೂವರೆಗೆ. ನಡುವಿನ ಆರೂವರೆ ಗಂಟೆಯಲ್ಲಿ ಮೈಕ್ ಪರೀಕ್ಷೆ, ಶಾಲೆಯಿಂದ ತಂದ ಮ್ಯಾಟಿಗೆ ಕಾಫಿ ಒಣಗಿಸುವ ಟಾರ್ಪಾಲು ಹೊದಿಸುವುದು, ಟಾರ್ಪಾಲಿನಲ್ಲಿ ಉಳಿದಿದ್ದ ಕಾಫಿ ಬೀಜ ಆರಿಸುವುದು, ದಾನಿಗಳಿಗೆ ಸನ್ಮಾನ, ಸನ್ಮಾನ ತಪ್ಪಿಹೋದ ದಾನಿಗಳಿಗೆ ಸಮಾಧಾನ, ಇವು ನಡೆದವು. ಮುಖ್ಯ ಅತಿಥಿಗಳು ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯ ಹಿಂದೆ ಸಿಕ್ಕಿಕೊಂಡಿದ್ದರು. ತೀರ್ಪುಗಾರ ಪ್ರದೀಪ್ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಕಬಡ್ಡಿಯಲ್ಲಿ ಹೆಸರಾದವನು. ಗ್ರ್ಯಾಪ್ಲಿಂಗ್ ನಿಯಮಗಳನ್ನು ಅವನು ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಓದುತ್ತಿದ್ದ. ಪೈಲ್ವಾನರು ಗೋಡೆಗೊರಗಿ ನಿದ್ದೆಹೋದರು. ಹೂವಿನ ವಾಸನೆಗೆ ಕನಸು ಬಹಳ. ಇಬ್ಬರು ನಿದ್ದೆಯಲ್ಲೇ ಪಟ್ಟು ಹಾಕುತ್ತಿದ್ದರು.

“ಲೇ ತಮ್ಮ, ಹಿಡ್ದಾಡದು ಯಾವಾಗ್ಲಾ?” ಎಂದು ಚೌಡಮ್ಮ ಅರ್ಧ ಗಂಟೆಗೊಮ್ಮೆ ಸುರೇಂದ್ರನನ್ನು ಕೇಳುತ್ತಿದ್ದಳು.

“ಈಗ ಅಜ್ಜಿ, ಈಗ. ಗೆಸ್ಟು ಬತ್ತಾವ್ರೆ.”

“ಹಂಗಂತ ರೊಟ್ಟಿ ತಿನ್ನೋಕ್ ಮುಂಚೆನೂ ಅಂದೆ. ನಾಕೂವರೆ ಬಸ್ಸಿಗೆ ನಾವ್ ಹೋಗ್ಬೇಕು ಕಣಪ್ಪ, ಎಮ್ಮೆ ಐತೆ.”

ಕೊನೆಗೆ ಅತಿಥಿಗಳನ್ನು ಬಿಟ್ಟೇ ಶುರುಮಾಡಿದರು. ಮೊದಲ ಪಂದ್ಯ, ಎಂಬತ್ತರ ಒಳಗಿನವರದು, ಮಂಜುನಾಥನಿಗೂ ಅರುಣನಿಗೂ. ಪ್ರದೀಪ್ ಸೀಟಿ ಊದಿದ. ಮಂಜುನಾಥ್ ಬಗ್ಗಿ ಅರುಣನನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತ. ಸೀಸನ್ನಿನಲ್ಲಿ ದಿನವೂ ಇದೇ ಗೋಡೌನಿನಲ್ಲಿ ಮೂಟೆ ಹೊರುವವನು, ಅಭ್ಯಾಸಬಲದಿಂದ ಸುತ್ತ ನೋಡಿ, “ಎಲ್ಲಿಗ್ ಹಾಕ್ಲಿ?” ಎಂದ.

“ಇಳ್ಸೋ ಮಾರಾಯ!” ಎಂದು ಅರುಣ್ ಮೇಲಿನಿಂದಲೇ ಅವನ ಬೆನ್ನಿಗೆ ಪಟಪಟನೆ ತಟ್ಟಿದ. ಇಳಿದ ಮೇಲೆ ಸುರೇಂದ್ರನ ಕಡೆ ತಿರುಗಿದ. “ಇವ್ನು ಎಂಬತ್ತರೊಳ್ಗಾ? ಇವ್ನ ಹೊಟ್ಟೆನೇ ಎಂಬತ್ತೈತೆ!”

“ತೂಕ ಹಾಕಿರೋದು ಶಾಂತಮಲ್ಲಪ್ಪನೋರು ಕಣೋ,” ಎಂದ ಸುರೇಂದ್ರ.

ಅರುಣ್ ಬಾಯಿ ಮುಚ್ಚಿದ. ಸುತ್ತ ನಿಂತವರು ತಲೆದೂಗಿದರು. ಆಮೇಲೆ ಇನ್ನೂ ನಾಲ್ಕು ಪಂದ್ಯ ಹೀಗೇ ನಡೆದವು. ಬೈಕಿನಲ್ಲಿ ಬಂದವರೆಲ್ಲ ಬಸ್ಸಿನಲ್ಲಿ ಬಂದವರನ್ನು ಚಪ್ಪಟೆ ಮಾಡಿದರು. ಪ್ರತಿ ಸಲ ಯಾರಾದರೊಬ್ಬರು ಬಾಯಿ ತೆರೆಯುತ್ತಿದ್ದರು, ಶಾಂತಮಲ್ಲಪ್ಪನವರ ಹೆಸರು ಕೇಳಿ ಮುಚ್ಚುತ್ತಿದ್ದರು. ಶಾಂತಮಲ್ಲಪ್ಪನವರು ಮಿಷನ್ನಿನ ಪಕ್ಕದಲ್ಲಿ ಕುಳಿತು, ತಮ್ಮ ಹೆಸರಿಗಿರುವ ಬೆಲೆಯನ್ನು ಅರೆನಿದ್ದೆಯಲ್ಲಿ ಕೇಳಿಸಿಕೊಂಡು ಮುಗುಳ್ನಗುತ್ತಿದ್ದರು.

ಮೂರೂವರೆಗೆ ಮುಖ್ಯ ಅತಿಥಿಗಳು ಬಂದರು. ಅವರಿಗೆ ಪೇಟ ಸುತ್ತುವುದು ಶುರುವಾದಾಗ ಸುರೇಂದ್ರ ಹೆಂಗಸರ ಪಟ್ಟಿ ಓದಿದ. “ಐವತ್ತೈದರ ಒಳಗೆ, ಕುಮಾರಿ ಮಾನಸಾ. ಎದುರಾಳಿ ಇಲ್ಲದ ಕಾರಣ ಚಿನ್ನ! ಅರವತ್ತರ ಒಳಗೆ, ಕುಮಾರಿ ಗಂಗಾಮಣಿ. ಎದುರಾಳಿ ಇಲ್ಲದ ಕಾರಣ ಚಿನ್ನ! ಜೋರಾಗಿ ಚಪ್ಪಾಳೆ!”

ಚಪ್ಪಾಳೆ ಜೋರಾಗಿಯೇ ಬಿತ್ತು. ಗಂಗಾಮಣಿ ಏನೂ ಅರ್ಥವಾಗದೆ ಅಜ್ಜಿಯ ಮುಖ ನೋಡಿದಳು. ಮಾನಸಾ ಯಾರ ಮುಖವನ್ನೂ ನೋಡಲಿಲ್ಲ. ನೇರ ಅಪ್ಪನ ಹತ್ತಿರ ಬಂದು, ಕೂರಲು ಬೇರೆ ಜಾಗವಿಲ್ಲದೆ, ತೂಕದ ಮಿಷನ್ನಿನ ಮೇಲೇ ಕಾಲು ಮಡಚಿ ಕುಳಿತಳು. ಅಳಲಿಲ್ಲ. ಕಾಲಿನ ಬೆರಳಿಗೆ ಸುತ್ತಿದ್ದ ಪಟ್ಟಿಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಅದನ್ನು ಅವಳು ಬೆಳಗಿನ ಆರು ಗಂಟೆಗೆ ಸುತ್ತಿಕೊಂಡಿದ್ದಳು.

ಶಾಂತಮಲ್ಲಪ್ಪನವರು ಅರ್ಧ ಕಣ್ಣು ತೆರೆದರು. ಎದುರಿಗೆ ಅಂಕಿ ಹೊಳೆಯುತ್ತಿತ್ತು, ಐವತ್ತೇಳು ಪಾಯಿಂಟ್ ಎರಡು. ತುಟಿ ತಾನಾಗಿ ಅಲ್ಲಾಡಿತು. ಈ ಸಲ ಸುತ್ತ ಗದ್ದಲವಿಲ್ಲದೆ ಮಾತು ಹೊರಗೂ ಕೇಳಿಸಿತು.

“ಚೀಲಕ್ಕೊಂದು, ತೇವಕ್ಕೆರಡು... ಐವತ್ನಾಕು ಪಾಯಿಂಟ್ ಎರಡು.”

ಮಾನಸಾಳ ಕೈ ನಿಂತಿತು. “ಏನಂದ್ರಿ ಅಪ್ಪಾಜಿ?”

“ಏನಿಲ್ಲ ಕಣವ್ವ, ತೂಕ.”

“ಚೀಲ ಅಂದ್ರಿ. ಯಾವ್ ಚೀಲ?”

“ಬಟ್ಟೆ,” ಎಂದರು ಶಾಂತಮಲ್ಲಪ್ಪನವರು. ಕಣ್ಣು ಈಗ ಪೂರ್ತಿ ತೆರೆದಿತ್ತು. “ಬಟ್ಟೆ ಇರ್ತೈತಲ್ಲ... ಮತ್ತೆ ಮಂಜಲ್ಲಿ ಬಂದಿದ್ರಿ, ನೀರು...”

“ಎಲ್ರಿಗೂ ಕಳುದ್ರಾ?”

“ಒಣಗಿರೋರ್ಗೆ ಬರೀ ಚೀಲ.”

ಮಾನಸಾ ಎದ್ದು ನಿಂತಳು. ಹಾಗಾದರೆ ಗಂಗಾಮಣಿ ಐವತ್ತೊಂಬತ್ತೂ ಚಿಲ್ಲರೆ, ತಾನು ಐವತ್ತೇಳೂ ಚಿಲ್ಲರೆ. ಇಬ್ಬರೂ ಅರವತ್ತರ ಒಳಗೆ, ಇಬ್ಬರೂ ಒಂದೇ ಗುಂಪು. ಹೊರಗೆ ಚೌಡಮ್ಮ ಶಾಲು ಮಡಚುತ್ತಿದ್ದಳು. ನಾಲ್ಕೂವರೆ ಬಸ್ಸಿಗೆ ಇನ್ನು ಮುಕ್ಕಾಲು ಗಂಟೆ ಇತ್ತು.

“ಹೇಳಿ ಅಪ್ಪಾಜಿ,” ಎಂದಳು, ಬಹಳ ಮೆಲ್ಲಗೆ. “ತಪ್ಪಾಗೈತೆ ಅಂತ ಮೈಕಲ್ಲಿ ಹೇಳಿ.”

ಶಾಂತಮಲ್ಲಪ್ಪನವರು ಮಿಷನ್ನಿನ ಕಂಬ ಹಿಡಿದುಕೊಂಡರು. ಕನ್ನಡಕ ಕಳೆಯಬಹುದು, ಸ್ಕೂಟರ್ ಮರೆಯಬಹುದು. ಆದರೆ ಅವರ ತೂಕ ತಪ್ಪು ಎಂದು ಅವರೇ ಹೇಳಿದ ಮೇಲೆ ಅವರಲ್ಲಿ ಉಳಿಯುವುದೇನು? ಕಂಬದ ಮೇಲೆ ಮೂರು ಪದಕಗಳು ಗಾಳಿಗೆ ಮೆಲ್ಲಗೆ ತಿರುಗುತ್ತಿದ್ದವು. ಅವನ್ನು ನೋಡಿದರು. ಬಿಚ್ಚಿದ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ ಮಗಳನ್ನು ನೋಡಿದರು. ಮೂರು ಸಲವೂ ಬಾಗಿಲ ಹಿಂದೆ ಕೇಳಿದ್ದು ಆನಂದಬಾಷ್ಪ ಅಲ್ಲ ಎಂದು ಆಗ ಅವರಿಗೆ ತಿಳಿಯಿತು. ಎದ್ದು ಹೋಗಿ, ಅತಿಥಿಗಳ ಪೇಟಕ್ಕೆ ಪಿನ್ನು ಚುಚ್ಚುತ್ತಿದ್ದ ಸುರೇಂದ್ರನ ಕೈಯಿಂದ ಮೈಕ್ ತೆಗೆದುಕೊಂಡರು.

“ನಾನು ಶಾಂತಮಲ್ಲಪ್ಪ,” ಎಂದರು. “ಇಪ್ಪತ್ತೆರಡು ವರ್ಷದಿಂದ ತೂಕ ಹಾಕ್ತಾ ಇದೀನಿ. ಇವತ್ತು ನನ್ ತೂಕ ತಪ್ಪೈತೆ. ಕಾಫಿಗೆ ಕಳ್ದಂಗೆ ಮನುಷ್ಯರ್ಗೂ ಚೀಲಕ್ಕೊಂದು, ತೇವಕ್ಕೆರಡು ಕಳ್ದ್ಬುಟ್ಟಿದೀನಿ. ಎಲ್ಲಾರೂ ಕ್ಷಮಿಸ್ಬೇಕು.”

ಹೆದ್ದಾರಿಯಲ್ಲಿ ಒಂದು ಲಾರಿ ಹಾರ್ನ್ ಮಾಡಿಕೊಂಡು ಹೋಯಿತು. ಆಮೇಲೆ ಹಿಂದಿನ ಸಾಲಿನಿಂದ ಕಾಫಿ ಬೆಳೆಗಾರ ಲಕ್ಕಯ್ಯ ನಿಧಾನವಾಗಿ ಎದ್ದ.

“ಅಲ್ಲಾ ಕಣ್ರೀ,” ಎಂದ. “ಜೀವ ಇರೋ ಮನುಷ್ಯನ್ನೇ ಬಿಟ್ಟಿಲ್ಲ ಈವಯ್ಯ. ನಮ್ ಕಾಫಿ ಬಿಟ್ಟಾನಾ? ನನ್ ಮೂಟೆ ಬಿಸ್ಲಲ್ಲಿ ಹನ್ನೆರಡು ದಿನ ಒಣಗಿತ್ತು, ಅದಕ್ಕೂ ಕಣ್ಣು ಮುಚ್ಚಿ ತೇವ ಅಂತ ಎರಡು ಕಳ್ದಿದ್ದ!”

“ಅದು ಪದ್ಧತಿ ಲಕ್ಕಯ್ಯ...”

“ನನ್ನ ಹೆಗ್ಲಿಗ್ ಹಾಕ್ಕಂಡಿದ್ದೂ ಪದ್ಧತಿನಾ?” ಎಂದು ಅರುಣ್ ಕೂಗಿದ.

ಆಮೇಲೆ ಯಾರು ಏನೆಂದರೋ ಹೇಳುವುದು ಕಷ್ಟ. ಸೋತವರೆಲ್ಲ ಮತ್ತೆ ತೂಗಬೇಕೆಂದರು, ಗೆದ್ದವರೆಲ್ಲ ಪದಕ ಬನಿಯನ್ನಿನೊಳಗೆ ಹಾಕಿಕೊಂಡರು. ಬೆಳೆಗಾರರು ಮಿಷನ್ನನ್ನೇ ಪರೀಕ್ಷೆ ಮಾಡಬೇಕೆಂದು ಒಬ್ಬೊಬ್ಬರಾಗಿ ತಾವೇ ಹತ್ತಿ ನಿಂತರು. ಇಲ್ಲೇನೋ ಪುಕ್ಕಟೆ ತೂಗುತ್ತಾರೆಂದು ರಸ್ತೆಯಲ್ಲಿ ಹೋಗುವವರೂ ಬಂದು ಸಾಲಿನಲ್ಲಿ ನಿಂತರು. ಪೇಟ ಅರ್ಧ ಸುತ್ತಿಸಿಕೊಂಡಿದ್ದ ಮುಖ್ಯ ಅತಿಥಿಗಳು, ಉಳಿದರ್ಧವನ್ನು ಕೈಯಲ್ಲಿ ಹಿಡಿದುಕೊಂಡು ಕಾರು ಹತ್ತಿದರು. ಅವರ ಹಿಂದೆ ಸುರೇಂದ್ರ ಓಡಿದ.

ಹೀಗೆ ಬೆಳಗಿನಿಂದ ಮೊದಲ ಬಾರಿಗೆ ಮ್ಯಾಟು ಖಾಲಿಯಾಯಿತು.

ಮಾನಸಾ ಗಂಗಾಮಣಿಯ ಹತ್ತಿರ ಹೋದಳು. ಇಬ್ಬರೂ ಅದುವರೆಗೆ ಒಂದು ಮಾತೂ ಆಡಿರಲಿಲ್ಲ. “ಆಡಣಾ?” ಎಂದಳು. ಗಂಗಾಮಣಿ ಆಗಲೇ ಬಳೆ ಬಿಚ್ಚಿ ಅಜ್ಜಿಯ ಕೈಗೆ ಕೊಡುತ್ತಿದ್ದಳು.

“ಬಸ್ಸು?” ಎಂದಳು ಚೌಡಮ್ಮ, ತಾನೇ ಸ್ವಲ್ಪ ಯೋಚಿಸಿದಳು, ಶಾಲು ಹಾಸಿಕೊಂಡು ಕುಳಿತಳು. “ಹೋಗ್ಲಿ ಬುಡು, ಮುಂದಿಂದಕ್ ಹೋಗಣ. ಎಮ್ಮೆ ಎಲ್ಲಿಗ್ ಹೋಯ್ತದೆ.”

ಪ್ರದೀಪನಿಗೂ ಬೇರೆ ಕೆಲಸವಿರಲಿಲ್ಲ, ನಿಯಮ ಓದಿ ಈಗಷ್ಟೇ ಮುಗಿಸಿದ್ದ. ಗಂಟೆ ಇರಲಿಲ್ಲ. ಊಟದ ಸ್ಟೀಲ್ ತಟ್ಟೆ, ಸೌಟು, ತನ್ನ ಮೊಬೈಲು ಮೂರನ್ನೂ ತಂದು ಶಾಂತಮಲ್ಲಪ್ಪನವರ ಮಡಿಲಲ್ಲಿಟ್ಟ. “ತೂಕ ಸಾಕು ಸರ್. ಟೈಮ್ ನೋಡ್ಕಳಿ. ನಾಕು ನಿಮಿಷ ಆದ್ ತಕ್ಷಣ ತಟ್ಟೆ ಬಾರ್ಸಿ, ಅಷ್ಟೇ.”

ಶಾಂತಮಲ್ಲಪ್ಪನವರು ತಲೆಯಾಡಿಸಿದರು. ಹುಡುಗಿಯರು ಕೈ ಕುಲುಕಿದರು. ಸೀಟಿ ಕೇಳಿತು.

ಸಂಜೆಯ ಬಿಸಿಲು ಗೋಡೌನಿನ ಎತ್ತರದ ಕಿಂಡಿಯಿಂದ ಇಳಿದು ಟಾರ್ಪಾಲಿನ ಮೇಲೆ ಬಿದ್ದಿತ್ತು. ಅದರಲ್ಲಿ ಕಾಫಿಯ ಹೊಟ್ಟಿನ ಧೂಳು ನಿಧಾನವಾಗಿ ಏಳುತ್ತಿತ್ತು. ಆಚೆ ತೋಟದಿಂದ ಹೂವಿನ ವಾಸನೆ ಮತ್ತೆ ಬಂತು. ಆ ಬೆಳಕಿನೊಳಗೆ ಇಬ್ಬರೂ ಸುತ್ತಿದರು, ಸೇರಿದರು, ಬಿದ್ದರು. ತಮ್ಮ ಮನೆಯಲ್ಲಿ ಮೊಸರನ್ನ ಉಂಡು ಮೂಲೆಯಲ್ಲಿ ಓದಿಕೊಂಡಿರುವ ಹುಡುಗಿ ಇವಳೇ ಎಂದು ಶಾಂತಮಲ್ಲಪ್ಪನವರಿಗೆ ನಂಬುವುದಕ್ಕಾಗಲಿಲ್ಲ. ಅವಳು ಕೆಳಗೆ ಸಿಕ್ಕಿಬಿದ್ದರೂ ಗಾಬರಿಯಾಗುತ್ತಿರಲಿಲ್ಲ, ಸೊಂಟ ಒಂದಿಷ್ಟು ಸರಿಸಿ, ಮೊಣಕಾಲು ಒಳಗೆ ತಂದು, ನೋಡನೋಡುತ್ತಿದ್ದಂತೆ ಮೇಲೆ ಬಂದಿರುತ್ತಿದ್ದಳು. ಬೆಳಗಿನ ಐದು ಗಂಟೆಗೆ ಎದ್ದು ಇವಳು ಇದನ್ನು ಕಲಿಯಲು ಹೋಗುತ್ತಿದ್ದಳೇ? ಇಷ್ಟು ಚೆಂದದ್ದನ್ನು? ಪದಕ ನೇತುಹಾಕಿದ ತಾವು ಇದನ್ನು ಒಂದು ಸಲವೂ ನೋಡಿರಲಿಲ್ಲ. ಮಡಿಲಿನ ಮೊಬೈಲು ಬೆಳಗಿ ಬೆಳಗಿ ಆರಿಹೋಯಿತು.

ಪ್ರದೀಪ್ ಬೆರಳು ಮಡಚಿ ಅಂಕ ಎಣಿಸುತ್ತ ಒಂದೆರಡು ಸಲ ಅವರ ಕಡೆ ನೋಡಿದ. ತೂಕದ ಸಾಲಿನಲ್ಲಿದ್ದವರು ಸಾಲು ಬಿಟ್ಟು ಒಬ್ಬೊಬ್ಬರಾಗಿ ಮ್ಯಾಟಿನ ಸುತ್ತ ಬಂದು ಕುಳಿತರು. ಲಕ್ಕಯ್ಯ ಕೂಡ ಗಲ್ಲದ ಮೇಲೆ ಕೈಯಿಟ್ಟು ನೋಡುತ್ತಿದ್ದ. “ಹಂಗೇ ಹಿಡ್ಕ ಮಗಾ,” ಎಂದು ಚೌಡಮ್ಮ ಪಿಸುಗುಟ್ಟುತ್ತಿದ್ದಳು, ಯಾವ ಮಗಳಿಗೆಂದು ಅವಳಿಗೂ ಗೊತ್ತಿದ್ದಂತಿರಲಿಲ್ಲ.

ಕೊನೆಗೆ ಗಂಗಾಮಣಿ ಒಂದು ತೋಳನ್ನು ಎರಡು ಕಾಲಿನ ನಡುವೆ ಸಿಕ್ಕಿಸಿಕೊಂಡು ಹಿಂದಕ್ಕೆ ಒರಗಿದಳು. ಮಾನಸಾ ತಡೆದಳು, ಹಲ್ಲು ಕಚ್ಚಿದಳು, ಇನ್ನೊಂದಿಷ್ಟು ತಡೆದಳು. ಆಮೇಲೆ ಗಂಗಾಮಣಿಯ ಮೊಣಕಾಲಿನ ಮೇಲೆ ಎರಡು ಸಲ ಕೈ ತಟ್ಟಿದಳು. ಶಾಂತಮಲ್ಲಪ್ಪನವರು ಬೆಚ್ಚಿ ಎದ್ದು ನಿಂತರು. ಮಡಿಲಿನ ತಟ್ಟೆ ನೆಲಕ್ಕೆ ಬಿದ್ದು ಠಣಾರೆಂದು ಬಾರಿಸಿಕೊಂಡಿತು.

ಹುಡುಗಿಯರಿಬ್ಬರೂ ಬೆನ್ನ ಮೇಲೆ ಮಲಗಿ, ಏದುಸಿರು ಬಿಡುತ್ತ, ಸೂರು ನೋಡಿಕೊಂಡು ನಗುತ್ತಿದ್ದರು.

ಮನೆಗೆ ಹೊರಟಾಗ ಹೊತ್ತು ಇಳಿಯುತ್ತಿತ್ತು. ಸ್ಕೂಟರಿನ ಎರಡೂ ಕಡೆ ಬೆಳ್ಳಗಿನ ಗಿಡಗಳು ಹಿಂದೆ ಸರಿಯುತ್ತಿದ್ದವು.

“ಅಪ್ಪಾಜಿ, ಪಂದ್ಯ ಒಂಬತ್ತು ನಿಮಿಷ ಆಯ್ತಂತೆ. ನಾಕ್ ನಿಮಿಷಕ್ಕೆ ನಾನು ಎರಡು ಅಂಕ ಮುಂದಿದ್ನಂತೆ, ಪ್ರದೀಪ್ ಸರ್ ಹೇಳುದ್ರು. ನೀವು ತಟ್ಟೆ ಬಾರ್ಸಿದ್ರೆ ನಾನೇ ಗೆದ್ದಿರ್ತಿದ್ದೆ.”

ಶಾಂತಮಲ್ಲಪ್ಪನವರು ಗಾಬರಿಯಾಗಿ ಬ್ರೇಕ್ ಹಿಡಿದರು. ಒಂದೇ ದಿನ ಎರಡನೆಯ ತಪ್ಪು. “ಮರ್ತೇ ಹೋಯ್ತು ಕಣವ್ವ,” ಎಂದರು. “ನೋಡ್ತಾ ಕೂತ್ಬುಟ್ಟೆ.”

ಹಿಂದಿನಿಂದ ಒದ್ದೆ ತಲೆಯೊಂದು ಅವರ ಬೆನ್ನಿಗೆ ಒರಗಿತು. “ಪರ್ವಾಗಿಲ್ಲ ಬಿಡಿ. ಐದು ನಿಮಿಷ ಜಾಸ್ತಿ ಸಿಕ್ತಲ್ಲ. ನಾಳೆ ಐದಕ್ಕೆ ಎಬ್ಬಿಸಿ.”

ಬೀದಿಯ ಬಾಯಲ್ಲಿ ‘ನಾಲ್ಕನೇ ಚಿನ್ನ’ದ ಫ್ಲೆಕ್ಸ್ ಆಗಲೇ ಎದ್ದಿತ್ತು. ಮನೆಯ ಮುಂದೆ ವಿಶಾಲಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಪಾರ್ವತಮ್ಮ.

“ಬನ್ನಿ ಬನ್ನಿ, ಎಲ್ರೀ ಚಿನ್ನ?”

“ಚಿನ್ನ ಇಲ್ಲ ವಿಶಾಲಮ್ಮ,” ಎಂದರು ಶಾಂತಮಲ್ಲಪ್ಪನವರು ಸ್ಕೂಟರಿನಿಂದ ಇಳಿಯುವ ಮೊದಲೇ, ಬೀದಿಗೆಲ್ಲ ಕೇಳುವ ಹಾಗೆ. “ನಮ್ ಹುಡ್ಗಿ ಸೋತ್ಲು! ಸರಿಯಾಗ್ ಸೋತ್ಲು!”

ವಿಶಾಲಮ್ಮ ತಟ್ಟೆಯನ್ನೂ ಪಾರ್ವತಮ್ಮನನ್ನೂ ನೋಡಿದರು. “ಸೋತೋರ್ಗೆ ಆರತಿ ಹೆಂಗ್ರೀ ಎತ್ತದು?”

“ಎತ್ತಿ ಎತ್ತಿ. ಒಂಬತ್ ನಿಮಿಷ ಹಿಡ್ದಾಡವ್ಳೆ!”

ಪಾರ್ವತಮ್ಮನಿಗೆ ಗೋಡೌನಿನ ಸುದ್ದಿ ಒಂದು ಗಂಟೆಗೆ ಮುಂಚೆಯೇ ಫೋನಿನಲ್ಲಿ ಮುಟ್ಟಿತ್ತು. ಇಪ್ಪತ್ತೆರಡು ವರ್ಷ ತೂಕದ ವಿಷಯಕ್ಕೆ ಬಾರದಿದ್ದವರು, ಇವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದರು.

“ಒಂಬತ್ತರಲ್ಲಿ ಚೀಲಕ್ಕೆಷ್ಟು, ತೇವಕ್ಕೆಷ್ಟು ಕಳೀಬೇಕು, ಅದನ್ನೂ ಹೇಳ್ಬಿಡಿ.”

ಶಾಂತಮಲ್ಲಪ್ಪನವರು ಮಗಳ ಕಡೆ ತಿರುಗಿದರು. ಅಂಗಿಯ ತೋಳು ಹರಿದಿತ್ತು, ಬೆವರಿಗೆ ಕೂದಲೆಲ್ಲ ಹಣೆಗೆ ಅಂಟಿತ್ತು, ಕೈ ನೋಯುತ್ತಿದ್ದರೂ ಮುಖದ ನಗು ಹೋಗಿರಲಿಲ್ಲ. ಅವರು ಕಣ್ಣು ಮುಚ್ಚಲಿಲ್ಲ.

“ಏನೂ ಕಳೀಬ್ಯಾಡ ಕಣೇ,” ಎಂದರು. “ಪೂರ್ತಿ ಬರ್ಕೊ.”